ಒಂದೇ ಸೋಂಕು, ಬೇರೆ ಬೇರೆ ಮೈ: ಕರಾವಳಿಯ ಪರಾವಲಂಬಿಗಳು ಮತ್ತು ಮನುಷ್ಯನ ವಂಶವಾಹಿಗಳು

ಪರಾವಲಂಬಿ ಜೀವಿಯೊಂದು ಮನುಷ್ಯನ ಮೈ ಹೊಕ್ಕಾಗ ಅದನ್ನು ಗುರುತಿಸುವುದು, ನುಂಗುವುದು, ಕೊಲ್ಲುವುದು, ಆಗದಿದ್ದರೆ ಸಹಿಸಿಕೊಂಡಿರುವುದು ರೋಗನಿರೋಧಕ ಕೋಶಗಳ ಕೆಲಸ. ಆ ಕೋಶಗಳು ಎಷ್ಟು ಬೇಗ ಎಚ್ಚೆತ್ತುಕೊಳ್ಳುತ್ತವೆ, ಎಷ್ಟು ಜೋರಾಗಿ ಎದುರು ನಿಲ್ಲುತ್ತವೆ, ಯಾವಾಗ ತಣ್ಣಗಾಗುತ್ತವೆ ಎಂಬುದರಲ್ಲಿ ಹೆತ್ತವರಿಂದ ಬಂದ ವಂಶವಾಹಿಗಳಿಗೂ ಪಾಲಿದೆ. ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಆಸುಪಾಸು ಈ ವಿಷಯವನ್ನು ಗಮನಿಸಲು ತಕ್ಕ ಜಾಗ. ಚಳಿಜ್ವರವೂ ಆನೆಕಾಲು ರೋಗವೂ ಒಟ್ಟೊಟ್ಟಿಗೆ ನೆಲೆಯೂರಿದ್ದ ನಾಡು ಇದು. ಮೀನುಗಾರಿಕೆ ಬಂದರು, ಕಟ್ಟಡ ಕಾಮಗಾರಿ, ಅಡಿಕೆ ತೋಟ, ವೈದ್ಯಕೀಯ ಕಾಲೇಜು ಎಲ್ಲವೂ ಮೂವತ್ತು ನಲವತ್ತು ಕಿಲೋಮೀಟರ್ ಒಳಗೇ ಸಿಗುತ್ತವೆ. ಹೆಚ್ಚಾಗಿ ತಮ್ಮ ತಮ್ಮಲ್ಲೇ ಮದುವೆಯಾಗುತ್ತ ಬಂದ ಹತ್ತಾರು ಸಮುದಾಯಗಳು ಇಲ್ಲಿ ಒಂದೇ ಸೊಳ್ಳೆಯ ಕಡಿತಕ್ಕೆ ಮೈಯೊಡ್ಡಿಕೊಂಡು ಬದುಕಿವೆ.

1990ರ ದಶಕದಲ್ಲಿ ಮಂಗಳೂರಿನಲ್ಲಿ ಕಟ್ಟಡ ನಿರ್ಮಾಣ ಭರದಿಂದ ಸಾಗಿದಾಗ ಮಲೇರಿಯಾ ಮತ್ತೆ ತಲೆಯೆತ್ತಿತು. ಕ್ಯೂರಿಂಗ್‌ಗೆಂದು ಸ್ಲ್ಯಾಬಿನ ಮೇಲೆ ಕಟ್ಟಿದ ನೀರು, ಮುಚ್ಚಳವಿಲ್ಲದ ಟ್ಯಾಂಕು, ಬಳಕೆ ಬಿಟ್ಟ ಬಾವಿ ಇವೆಲ್ಲ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆ ಮೊಟ್ಟೆಯಿಡಲು ಹೇಳಿ ಮಾಡಿಸಿದಂತಿದ್ದವು. ಮುಂದೆ ಹಲವು ವರ್ಷ ರಾಜ್ಯದ ಮಲೇರಿಯಾ ಪ್ರಕರಣಗಳಲ್ಲಿ ದೊಡ್ಡ ಪಾಲು ದಕ್ಷಿಣ ಕನ್ನಡದ್ದೇ ಆಗಿತ್ತು. 1997ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಉಡುಪಿಯೂ ಇದರಿಂದ ತಪ್ಪಿಸಿಕೊಳ್ಳಲಿಲ್ಲ. ಇಲ್ಲಿ ಹೆಚ್ಚು ಕಾಣುವುದು ಪ್ಲಾಸ್ಮೋಡಿಯಂ ವೈವಾಕ್ಸ್. ಫಾಲ್ಸಿಪ್ಯಾರಂ ಅದಕ್ಕಿಂತ ಕಡಿಮೆ.

ಬೆರಳ ತುದಿಯ ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟರೆ ವೈವಾಕ್ಸ್ ಹೊಕ್ಕ ಕೆಂಪು ರಕ್ತಕಣ ಅಕ್ಕಪಕ್ಕದ ಕಣಗಳಿಗಿಂತ ಉಬ್ಬಿಕೊಂಡಿರುತ್ತದೆ, ಮೈತುಂಬ ಸಣ್ಣ ನಸುಗೆಂಪು ಚುಕ್ಕೆಗಳು. ಅದೇ ಪಟ್ಟಿಯಲ್ಲಿ ಪ್ಲೇಟ್‌ಲೆಟ್‌ಗಳನ್ನು ಹುಡುಕಿದರೆ ಅಲ್ಲೊಂದು ಇಲ್ಲೊಂದು. ಜ್ವರದ ರೋಗಿಯ ಕಡೆಯವರು ವೈದ್ಯರನ್ನು ಮೊದಲು ಕೇಳುವ ಪ್ರಶ್ನೆ 'ಪ್ಲೇಟ್‌ಲೆಟ್ ಎಷ್ಟಿದೆ' ಎಂಬುದೇ. ವೈವಾಕ್ಸ್ ಮಲೇರಿಯಾ ಸೌಮ್ಯವಾದದ್ದು ಎಂದೇ ಪಠ್ಯಪುಸ್ತಕಗಳು ಬಹುಕಾಲ ಬರೆದುಕೊಂಡು ಬಂದಿದ್ದವು. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ವೈದ್ಯರ ತಂಡ 2014ರಲ್ಲಿ 'ಮಲೇರಿಯಾ ಜರ್ನಲ್'ನಲ್ಲಿ ಪ್ರಕಟಿಸಿದ ಅಧ್ಯಯನ, ವೈವಾಕ್ಸ್ ಕೂಡ ತೀವ್ರ ರೂಪ ತಾಳಬಲ್ಲದು ಎಂದು ತಮ್ಮ ಆಸ್ಪತ್ರೆಯ ರೋಗಿಗಳನ್ನೇ ಮುಂದಿಟ್ಟು ಎಚ್ಚರಿಸಿತು. ಹಾಗಿದ್ದರೂ ಬಹುತೇಕರು ಮಾತ್ರೆ ನುಂಗಿ ವಾರದೊಳಗೆ ಎದ್ದು ಓಡಾಡುತ್ತಾರೆ. ಒಂದೇ ಪ್ರಭೇದದ ಪರಾವಲಂಬಿ ಒಬ್ಬನನ್ನು ಐಸಿಯು ತನಕ ಒಯ್ದು ಇನ್ನೊಬ್ಬನನ್ನು ಹಗುರಾಗಿ ಬಿಟ್ಟುಬಿಡುವುದಕ್ಕೆ ವಯಸ್ಸು, ಬಸಿರು, ಹಿಂದೆ ಬಂದ ಸೋಂಕು, ಚಿಕಿತ್ಸೆಯ ವಿಳಂಬ ಹೀಗೆ ಕಾರಣಗಳು ಹಲವು. ಅವುಗಳಲ್ಲಿ ಒಂದು ವಂಶವಾಹಿ.

ವಂಶವಾಹಿಯ ಪ್ರಭಾವ ಶುರುವಾಗುವುದು ಕೆಂಪು ರಕ್ತಕಣದ ಹೊರಮೈಯಲ್ಲಿ. ವೈವಾಕ್ಸ್ ಕಣದೊಳಗೆ ನುಗ್ಗಲು ಅಲ್ಲಿರುವ ಡಫಿ ಎಂಬ ಪ್ರೋಟೀನನ್ನು ಹಿಡಿದುಕೊಳ್ಳಬೇಕು. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಬಹುತೇಕ ಜನರ ಕೆಂಪು ಕಣಗಳಲ್ಲಿ ಈ ಪ್ರೋಟೀನ್ ಇಲ್ಲ. ಅಲ್ಲಿ ವೈವಾಕ್ಸ್ ಅಪರೂಪವಾಗಿರುವುದಕ್ಕೆ ಇದೇ ಕಾರಣವೆಂದು ಲೂಯಿಸ್ ಮಿಲ್ಲರ್ ಮತ್ತು ಸಂಗಡಿಗರು 1976ರಲ್ಲಿ ತೋರಿಸಿದರು. ಡಫಿ ಇಲ್ಲದವರಲ್ಲೂ ಅಲ್ಲಲ್ಲಿ ವೈವಾಕ್ಸ್ ಕಾಣಿಸಿಕೊಳ್ಳುತ್ತದೆ ಎಂದು 2010ರಲ್ಲಿ ಮಡಗಾಸ್ಕರ್‌ನಿಂದ ವರದಿಯಾಯಿತು. ಆದರೂ ಮಿಲ್ಲರ್ ಅವರ ಮೂಲ ಮಾತು ಬಿದ್ದುಹೋಗಿಲ್ಲ. ಭಾರತೀಯರಲ್ಲಿ ಬಹುಮಟ್ಟಿಗೆ ಎಲ್ಲರಲ್ಲೂ ಡಫಿ ಇದೆ. ಮಲ್ಪೆಯ ಬೋಟಿನಲ್ಲಿ ದುಡಿಯುವವನಿಗೂ ಮಣಿಪಾಲದ ಹಾಸ್ಟೆಲಿನ ವಿದ್ಯಾರ್ಥಿಗೂ ಈ ರಕ್ಷಣೆ ಇಲ್ಲ.

ಡಫಿಯ ಕಥೆ ಮಲೇರಿಯಾಕ್ಕೇ ನಿಲ್ಲುವುದಿಲ್ಲ. ಈ ಪ್ರೋಟೀನಿನ ಮೂಲ ಕಸುಬು ಕೀಮೊಕೈನ್‌ಗಳನ್ನು, ಅಂದರೆ ಬಿಳಿ ರಕ್ತಕಣಗಳನ್ನು ಗಾಯದತ್ತ ಕರೆಯುವ ರಾಸಾಯನಿಕ ಸಂಕೇತಗಳನ್ನು, ಹೀರಿ ಹಿಡಿದಿಟ್ಟುಕೊಳ್ಳುವುದು. ಕೆಂಪು ಕಣಗಳಲ್ಲಿ ಡಫಿ ಇಲ್ಲದವರ ರಕ್ತದಲ್ಲಿ ಬಿಳಿ ಕಣಗಳ ಒಂದು ಬಗೆಯಾದ ನ್ಯೂಟ್ರೋಫಿಲ್‌ಗಳ ಸಂಖ್ಯೆ ಸಹಜವಾಗಿಯೇ ಕಡಿಮೆ. ಅಸ್ಥಿಮಜ್ಜೆಯಲ್ಲಿ ಬೆಳೆಯುತ್ತಿರುವ ಕೆಂಪು ಕಣಗಳಲ್ಲಿ ಡಫಿ ಇದೆಯೋ ಇಲ್ಲವೋ ಎಂಬುದು ಅಲ್ಲಿಯೇ ತಯಾರಾಗುವ ನ್ಯೂಟ್ರೋಫಿಲ್‌ಗಳ ಸ್ವಭಾವವನ್ನೂ ಬದಲಿಸುತ್ತದೆ ಎಂದು 2017ರ ಅಧ್ಯಯನವೊಂದು ಹೇಳಿತು. ಮಲೇರಿಯಾದ ಒತ್ತಡಕ್ಕೆ ಆಯ್ಕೆಯಾದ ಒಂದು ಅಕ್ಷರದ ಬದಲಾವಣೆ ಹೀಗೆ ಇಡೀ ರೋಗನಿರೋಧಕ ವ್ಯವಸ್ಥೆಯ ಲೆಕ್ಕಾಚಾರವನ್ನೇ ಪಲ್ಲಟಗೊಳಿಸುತ್ತದೆ. ಇಂಥ ಜನರಿಗೆ ಕ್ಯಾನ್ಸರ್ ಔಷಧ ಕೊಡುವಾಗ 'ಬಿಳಿ ಕಣ ಕಡಿಮೆ ಇದೆ' ಎಂದು ಚಿಕಿತ್ಸೆಯನ್ನು ವಿನಾಕಾರಣ ಮುಂದೂಡಿದ ಉದಾಹರಣೆಗಳೂ ಇವೆ.

ಕರ್ನಾಟಕದಲ್ಲಿ ಆಫ್ರಿಕಾ ಮೂಲದ ಜನರೂ ಇದ್ದಾರೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ನೆಲೆಸಿರುವ ಸಿದ್ದಿಯರು ಆಫ್ರಿಕಾ, ಭಾರತ, ಯೂರೋಪು ಮೂರೂ ಕಡೆಯ ವಂಶಾಂಶ ಹೊತ್ತಿದ್ದಾರೆ ಎಂದು ಹೈದರಾಬಾದಿನ ಕೋಶೀಯ ಮತ್ತು ಅಣುಜೀವಶಾಸ್ತ್ರ ಕೇಂದ್ರದ ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದರು. ಸ್ಥಳೀಯರೊಂದಿಗಿನ ಬೆರಕೆ ಸುಮಾರು ಎಂಟು ತಲೆಮಾರುಗಳ ಈಚಿನದು ಎಂಬುದು ಅವರ ಅಂದಾಜು. ಘಟ್ಟದ ಮಲೇರಿಯಾವನ್ನು ಆಫ್ರಿಕಾದಿಂದ ಬಂದ ರಕ್ತ ಹೇಗೆ ಎದುರಿಸಿತು ಎಂದು ಕೇಳಲು ಜಗತ್ತಿನಲ್ಲಿ ಇಷ್ಟು ಒಳ್ಳೆಯ ಅವಕಾಶ ಸಿಗುವುದು ಕಡಿಮೆ.

ಕೆಂಪು ರಕ್ತಕಣದ ದೋಷವೇ ಮಲೇರಿಯಾದಿಂದ ಕಾಪಾಡಬಹುದು ಎಂಬ ವಿಚಾರವನ್ನು 1940ರ ದಶಕದ ಕೊನೆಯಲ್ಲಿ ಮುಂದಿಟ್ಟವರು ಜೆ.ಬಿ.ಎಸ್. ಹಾಲ್ಡೇನ್. ಮುಂದೆ 1957ರಲ್ಲಿ ಭಾರತಕ್ಕೆ ಬಂದು, ಇಲ್ಲಿಯ ಪೌರತ್ವ ಪಡೆದು, 1964ರಲ್ಲಿ ಭುವನೇಶ್ವರದಲ್ಲಿ ಕೊನೆಯುಸಿರೆಳೆದ ಅದೇ ಹಾಲ್ಡೇನ್. 1954ರಲ್ಲಿ ಆಂತೊನಿ ಆಲಿಸನ್ ಪೂರ್ವ ಆಫ್ರಿಕಾದಲ್ಲಿ ಕುಡಗೋಲು ಕಣದ ವಂಶವಾಹಿ ಮಲೇರಿಯಾದಿಂದ ರಕ್ಷಣೆ ನೀಡುತ್ತದೆ ಎಂದು ತೋರಿಸಿ ಈ ವಿಚಾರಕ್ಕೆ ಗಟ್ಟಿ ಆಧಾರ ಒದಗಿಸಿದರು. ಅದಕ್ಕೂ ಎರಡು ವರ್ಷ ಮೊದಲೇ, 1952ರಲ್ಲಿ, ಲೆಹ್ಮನ್ ಮತ್ತು ಕಟ್‌ಬುಶ್ ಕರ್ನಾಟಕದ ನೆರೆಯ ನೀಲಗಿರಿಯ ಬುಡಕಟ್ಟು ಜನರಲ್ಲಿ ಇದೇ ಲಕ್ಷಣವನ್ನು ಕಂಡುಹಿಡಿದಿದ್ದರು. ಭಾರತದ ಕುಡಗೋಲು ವಂಶವಾಹಿ ಆಫ್ರಿಕಾದ ಮುಖ್ಯ ಬಗೆಗಳಿಗಿಂತ ಬೇರೆಯೇ ಆದ ಅರಬ್-ಭಾರತೀಯ ಹಿನ್ನೆಲೆಯಲ್ಲಿ ಕಾಣಿಸುತ್ತದೆ. ಮೈಸೂರು, ಚಾಮರಾಜನಗರದ ಕಾಡುಗಳ ಬುಡಕಟ್ಟುಗಳಲ್ಲಿ ಇದು ಇದೆ. 2023ರ ಜುಲೈ 1ರಂದು ಶುರುವಾದ ರಾಷ್ಟ್ರೀಯ ಕುಡಗೋಲು ಕಣ ರಕ್ತಹೀನತೆ ನಿರ್ಮೂಲನಾ ಅಭಿಯಾನದ ತಪಾಸಣೆ ನಡೆಯುತ್ತಿರುವುದು ಇಂಥ ಕಡೆಗಳಲ್ಲೇ.

ಕುಡಗೋಲು ವಂಶವಾಹಿಯ ಒಂದೇ ಪ್ರತಿ ಇರುವವನಿಗೆ ತೀವ್ರ ಫಾಲ್ಸಿಪ್ಯಾರಂ ಮಲೇರಿಯಾದ ಅಪಾಯ ಸುಮಾರು ಶೇ. 90ರಷ್ಟು ಇಳಿಯುತ್ತದೆ. ಇದು ಬರೀ ಹಿಮೋಗ್ಲೋಬಿನ್ನಿನ ಮಾತೆಂದು ಮೊದಲು ತಿಳಿದಿದ್ದರು. ಆದರೆ ಕೀನ್ಯಾದ ಮಕ್ಕಳನ್ನು ಗಮನಿಸಿದ 2005ರ ಅಧ್ಯಯನದಲ್ಲಿ ಸೌಮ್ಯ ಮಲೇರಿಯಾದ ವಿರುದ್ಧ ಸಿಗುವ ರಕ್ಷಣೆ ಮೊದಲೆರಡು ವರ್ಷಗಳಲ್ಲಿ ಶೇ. 20 ಇದ್ದದ್ದು ಹತ್ತು ವರ್ಷದ ಹೊತ್ತಿಗೆ ಶೇ. 56ಕ್ಕೆ ಏರಿತ್ತು. ಹಿಮೋಗ್ಲೋಬಿನ್ ಹುಟ್ಟಿನಿಂದ ಒಂದೇ. ವಯಸ್ಸಿನೊಂದಿಗೆ ಬೆಳೆಯುವುದು ರೋಗನಿರೋಧಕ ನೆನಪು. ಪರಾವಲಂಬಿ ಹೊಕ್ಕ ಕುಡಗೋಲು ಕಣ ಬೇಗ ಮುದುಡುತ್ತದೆ, ಅದರ ಹೊರಮೈ ಬದಲಾಗುತ್ತದೆ, ಗುಲ್ಮದಲ್ಲಿ ಕಾದು ಕುಳಿತ ಮ್ಯಾಕ್ರೊಫೇಜ್ ಕೋಶಗಳು ಅದನ್ನು ಎಳೆಯ ಹಂತದಲ್ಲೇ ನುಂಗುತ್ತವೆ. ಹೀಗೆ ನುಂಗಿದ ಪ್ರತಿ ಕಣವೂ ಮುಂದಿನ ಸೋಂಕಿಗೆ ಒಂದು ಪಾಠವಾಗುತ್ತದೆ ಎಂಬುದು ಒಂದು ವಿವರಣೆ. 2011ರಲ್ಲಿ ಪೋರ್ಚುಗಲ್‌ನ ಮಿಗೆಲ್ ಸೋರೆಸ್ ತಂಡ ಇಲಿಗಳಲ್ಲಿ ತೋರಿಸಿದ್ದು ಇನ್ನೊಂದು ದಾರಿ. ಕುಡಗೋಲು ಹಿಮೋಗ್ಲೋಬಿನ್ ಮೈಯಲ್ಲಿ ಹೀಮ್ ಆಕ್ಸಿಜನೇಸ್-1 ಎಂಬ ಕಿಣ್ವವನ್ನು ಮೊದಲೇ ಹೆಚ್ಚಿಸಿಟ್ಟಿರುತ್ತದೆ, ಅದರಿಂದಾಗಿ ಉರಿಯೂತ ಹದ್ದುಮೀರುವುದಿಲ್ಲ. ಅಲ್ಲಿ ಪರಾವಲಂಬಿಗಳ ಸಂಖ್ಯೆ ಇಳಿಯಲಿಲ್ಲ, ಇಲಿ ಮಾತ್ರ ಬದುಕಿತು. ಸೋಂಕನ್ನು ಕೊಲ್ಲುವುದು ಬೇರೆ, ಸೋಂಕನ್ನು ತಾಳಿಕೊಳ್ಳುವುದು ಬೇರೆ. ಎರಡೂ ವಂಶವಾಹಿಯಲ್ಲಿ ಬರೆದಿರಬಹುದು.

ಕರಾವಳಿಯ ವೈದ್ಯರಿಗೆ ಹೆಚ್ಚಾಗಿ ಎದುರಾಗುವ ವಂಶವಾಹಿ ಪ್ರಶ್ನೆ ಕುಡಗೋಲು ಕಣದ್ದಲ್ಲ, ಜಿ6ಪಿಡಿ ಕಿಣ್ವದ್ದು. ವೈವಾಕ್ಸ್ ಯಕೃತ್ತಿನಲ್ಲಿ ನಿದ್ದೆ ಮಾಡುವ ಮರಿಗಳನ್ನು ಬಿಟ್ಟಿರುತ್ತದೆ. ವಾರಗಳೋ ತಿಂಗಳುಗಳೋ ಕಳೆದ ಮೇಲೆ ಅವು ಎದ್ದು ಮತ್ತೆ ಜ್ವರ ತರುತ್ತವೆ. ಅವನ್ನು ಕೊಲ್ಲಲು 14 ದಿನ ಪ್ರೈಮಾಕ್ವಿನ್ ಮಾತ್ರೆ ನುಂಗಬೇಕು. ಜಿ6ಪಿಡಿ ಕೊರತೆ ಇದ್ದವರಲ್ಲಿ ಅದೇ ಮಾತ್ರೆ ಕೆಂಪು ರಕ್ತಕಣಗಳನ್ನು ಒಡೆದುಹಾಕುತ್ತದೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗುತ್ತದೆ. ಪ್ರೈಮಾಕ್ವಿನ್ ಕೆಲವರಿಗೆ ಮಾತ್ರ ಹೀಗೆ ಏಕೆ ಮುಳುವಾಗುತ್ತದೆ ಎಂದು ಹುಡುಕುತ್ತ ಹೋಗಿಯೇ 1956ರಲ್ಲಿ ಈ ಕೊರತೆ ಪತ್ತೆಯಾದದ್ದು. ಭಾರತದಲ್ಲಿ ಮೆಡಿಟರೇನಿಯನ್, ಕೇರಳ-ಕಲ್ಯಾಣ್, ಒರಿಸ್ಸಾ ಎಂಬ ಮೂರು ಬಗೆಗಳು ಹೆಚ್ಚು.

ಈ ವಂಶವಾಹಿ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಗಂಡುಮಗುವಿಗೆ ಎಕ್ಸ್ ಬರುವುದು ತಾಯಿಯಿಂದ ಮಾತ್ರ. ತುಳುನಾಡಿನಲ್ಲಿ ಬಂಟರು, ಬಿಲ್ಲವರು, ಮೊಗವೀರರು ತಮ್ಮ 'ಬರಿ'ಯನ್ನು, ಅಂದರೆ ಕುಲದ ಹೆಸರನ್ನು, ತಾಯಿಯಿಂದ ಪಡೆಯುತ್ತಾರೆ. ಹುಡುಗನ ಜಿ6ಪಿಡಿ ಕೊರತೆಯೂ ಬರಿಯ ಹಾಗೆಯೇ ತಾಯಿಯ ಕಡೆಯಿಂದ ಬಂದದ್ದು. ಹೋಲಿಕೆ ಅಲ್ಲಿಗೇ ಮುಗಿಯುತ್ತದೆ. ಅಪ್ಪ ತನ್ನ ಎಕ್ಸನ್ನು ಮಗಳಿಗೆ ಕೊಡುತ್ತಾನೆ, ಬರಿಯನ್ನು ಕೊಡುವುದಿಲ್ಲ. ಮಗನ ರಕ್ತದಲ್ಲಿ ಕೊರತೆ ಕಂಡರೆ ಸೋದರಮಾವನನ್ನೂ ಒಮ್ಮೆ ತಪಾಸಣೆ ಮಾಡಿಸುವುದು ಒಳ್ಳೆಯದು ಎಂದು ಹೇಳಲು ಇಷ್ಟು ಹೋಲಿಕೆ ಸಾಕು. ಸೋದರಮಾವನ ಆಸ್ತಿ ಅಳಿಯನಿಗೆ ಸಲ್ಲುತ್ತಿದ್ದ ಅಳಿಯಕಟ್ಟಿನ ನಾಡಿನಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊರತೆ ಇರುವ ಕಣದೊಳಗೆ ಪರಾವಲಂಬಿ ಬೆಳೆಯತೊಡಗಿದಾಗ ಆ ಕಣ ಆಕ್ಸಿಡೀಕರಣದ ಹೊಡೆತ ತಾಳದೆ ಬೇಗ ಹಾಳಾಗುತ್ತದೆ, ಪರಾವಲಂಬಿ ಇನ್ನೂ ಉಂಗುರದ ಹಂತದಲ್ಲಿರುವಾಗಲೇ ಮ್ಯಾಕ್ರೊಫೇಜ್‌ಗಳು ಅದನ್ನು ಗುರುತು ಹಿಡಿಯುತ್ತವೆ. 1990ರ ದಶಕದಲ್ಲಿ ಇಟಲಿಯ ಪಾವ್ಲೊ ಆರೆಸೆ ಮತ್ತು ಸಂಗಡಿಗರು ಪ್ರಯೋಗಾಲಯದಲ್ಲಿ ಕಂಡದ್ದು ಇದನ್ನೇ. ರಕ್ಷಣೆ ಇದೆ ಎಂದು ಆಫ್ರಿಕಾದ ಅಧ್ಯಯನಗಳೂ ಹೇಳಿದವು. ಆದರೆ ಸಾವಿರಾರು ರೋಗಿಗಳನ್ನು ಒಟ್ಟಿಗೆ ನೋಡಿದಾಗ, ಕೊರತೆ ಇರುವವರಲ್ಲಿ ಮಿದುಳಿನ ಮಲೇರಿಯಾ ಕಡಿಮೆ, ಮಲೇರಿಯಾದಿಂದ ಬರುವ ತೀವ್ರ ರಕ್ತಹೀನತೆ ಹೆಚ್ಚು ಎಂಬ ಇಬ್ಬಗೆಯ ಚಿತ್ರ ಮೂಡಿತು. ಇನ್ನೊಂದು ತೊಡಕೂ ಇದೆ. ಪ್ರೈಮಾಕ್ವಿನ್ ಕೆಲಸ ಮಾಡಬೇಕಾದರೆ ಯಕೃತ್ತಿನ ಸಿವೈಪಿ2ಡಿ6 ಎಂಬ ಕಿಣ್ವ ಅದನ್ನು ಸಕ್ರಿಯಗೊಳಿಸಬೇಕು. ಆ ಕಿಣ್ವ ಮಂದವಾಗಿರುವವರಲ್ಲಿ ಮಾತ್ರೆ ಸರಿಯಾಗಿ ನುಂಗಿದರೂ ಜ್ವರ ಮರುಕಳಿಸುತ್ತದೆ ಎಂದು 2013ರಲ್ಲಿ ಗೊತ್ತಾಯಿತು. 'ಮಾತ್ರೆ ಅರ್ಧಕ್ಕೇ ಬಿಟ್ಟಿರಬೇಕು' ಎಂದು ರೋಗಿಯನ್ನು ಗದರಿಸುವ ಮುನ್ನ ನೆನಪಿಡಬೇಕಾದ ವಿಷಯ ಇದು.

ಮಾತ್ರೆಯ ಮಾತು ಬಂದಾಗ ತುಳುನಾಡಿನವರಿಗೆ ಆಟಿ ಅಮಾವಾಸ್ಯೆಯ ಕಷಾಯ ನೆನಪಾಗದೆ ಇರದು. ಮಳೆಗಾಲದ ನಡುವೆ, ನಸುಕಿನಲ್ಲಿ, ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ತೆಗೆದ ಪಾಲೆ ಮರದ ತೊಗಟೆಯ ಕಹಿ ರಸ, ಅದರ ಬೆನ್ನಿಗೆ ಮೆಂತೆ ಗಂಜಿ. ಈ ಮರದ ತೊಗಟೆಯನ್ನು 19ನೇ ಶತಮಾನದಲ್ಲಿ ಕ್ವಿನೈನ್‌ಗೆ ಬದಲಿಯಾಗಿ ಪರೀಕ್ಷಿಸಿದ್ದುಂಟು. ಪರೀಕ್ಷೆಗಳು ಅದಕ್ಕೆ ಕ್ವಿನೈನ್‌ನ ಪಟ್ಟ ಕೊಡಲಿಲ್ಲ. ಆದರೂ ಆಟಿಯಲ್ಲಿ ಜ್ವರ ಏರುತ್ತದೆ ಎಂಬ ತಿಳಿವಳಿಕೆ ಆಚರಣೆಯೊಳಗೆ ಉಳಿದು ಬಂದಿದೆ.

ಕೆಂಪು ಕಣದ ಕಥೆ ಇಷ್ಟು. ಬಿಳಿ ಕಣಗಳ ಕಥೆ ಹೆಚ್ಚು ಜಟಿಲ, ಇನ್ನೂ ಅರೆಬರೆ.

ಪರಾವಲಂಬಿಗಳು ಕೆಂಪು ಕಣವನ್ನು ಸೀಳಿ ಹೊರಬಂದಾಗ ಅವುಗಳ ಮೈಮೇಲಿನ ಜಿಪಿಐ ಎಂಬ ಕೊಬ್ಬು-ಸಕ್ಕರೆಯ ಅಣುಗಳು ರಕ್ತಕ್ಕೆ ಸೇರುತ್ತವೆ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯ ವಿಶ್ವವಿದ್ಯಾಲಯದ ಡಿ. ಚನ್ನೇಗೌಡ ಮತ್ತು ಸಂಗಡಿಗರು 2005ರಲ್ಲಿ ತೋರಿಸಿದಂತೆ, ಮ್ಯಾಕ್ರೊಫೇಜ್‌ಗಳು ಇವನ್ನು ಮುಖ್ಯವಾಗಿ ಟಿಎಲ್‌ಆರ್2 ಎಂಬ ಗ್ರಾಹಕದಿಂದ ಪತ್ತೆಹಚ್ಚಿ, ಉಳಿದ ಕೋಶಗಳಿಗೆ ಸಂಕೇತ ಕಳಿಸುವ ಟಿಎನ್‌ಎಫ್‌ನಂಥ ಉರಿಯೂತದ ಸೈಟೊಕೈನ್‌ಗಳನ್ನು ಸುರಿಸುತ್ತವೆ. ನಡುಗಿಸುವ ಚಳಿ, ಏರುವ ಜ್ವರ ಎರಡರ ಹಿಂದೆಯೂ ಇರುವುದು ಈ ಸೈಟೊಕೈನ್‌ಗಳೇ. ಕುವೆಂಪು ವಿಶ್ವವಿದ್ಯಾಲಯದ ಸಂಶೋಧಕರು ಮಂಗಳೂರಿನ ರೋಗಿಗಳ ರಕ್ತವನ್ನು ಪರೀಕ್ಷಿಸಿ, ಪ್ಲೇಟ್‌ಲೆಟ್ ಕುಸಿತಕ್ಕೂ ಉರಿಯೂತದ ಸೈಟೊಕೈನ್‌ಗಳ ಮಟ್ಟಕ್ಕೂ ನಂಟಿದೆ ಎಂದು 2019ರಲ್ಲಿ ಪ್ರಕಟಿಸಿದರು.

ಈ ಸೈಟೊಕೈನ್‌ಗಳು ಎಷ್ಟು ಸುರಿಯಬೇಕು ಎಂಬುದರಲ್ಲೂ ವಂಶವಾಹಿಯ ಕೈವಾಡವಿದೆ. ಟಿಎನ್‌ಎಫ್ ವಂಶವಾಹಿಯ ನಿಯಂತ್ರಣ ಭಾಗದಲ್ಲಿ ಒಂದು ಬದಲಾವಣೆಯನ್ನು ತಂದೆ ತಾಯಿ ಇಬ್ಬರಿಂದಲೂ ಪಡೆದ ಗ್ಯಾಂಬಿಯಾದ ಮಕ್ಕಳಲ್ಲಿ ಮಿದುಳಿನ ಮಲೇರಿಯಾದಿಂದ ಸಾಯುವ ಅಥವಾ ನರಹಾನಿಗೊಳಗಾಗುವ ಅಪಾಯ ಏಳು ಪಟ್ಟು ಹೆಚ್ಚಿತ್ತು. ಇದು 1994ರ ವರದಿ. 2007ರಲ್ಲಿ ಬಂದ ಇನ್ನೊಂದು ಅಧ್ಯಯನ ಇದಕ್ಕಿಂತಲೂ ಕುತೂಹಲಕರ. ಟಿಎಲ್‌ಆರ್‌ಗಳ ಸಂದೇಶವನ್ನು ಕೋಶದೊಳಗೆ ಸಾಗಿಸುವ ಟಿರಾಪ್ ಎಂಬ ಪ್ರೋಟೀನಿನ ಒಂದು ಬದಲಾದ ಪ್ರತಿ ಮತ್ತು ಒಂದು ಮಾಮೂಲು ಪ್ರತಿ ಇದ್ದವರಿಗೆ ಮಲೇರಿಯಾ, ಕ್ಷಯ, ನ್ಯುಮೋಕಾಕಸ್ ಸೋಂಕು ಮೂರರಿಂದಲೂ ಒಂದಷ್ಟು ರಕ್ಷಣೆ ಸಿಕ್ಕಿತ್ತು. ಎರಡೂ ಮಾಮೂಲಾದರೆ ಉರಿಯೂತ ಅತಿ, ಎರಡೂ ಬದಲಾದವಾದರೆ ತೀರಾ ಕಡಿಮೆ. ರೋಗನಿರೋಧಕ ಶಕ್ತಿ ಹೆಚ್ಚಿದಷ್ಟೂ ಒಳ್ಳೆಯದು ಎಂಬ ಜಾಹೀರಾತಿನ ನಂಬಿಕೆಗೆ ಇಲ್ಲಿ ಆಧಾರ ಸಿಗುವುದಿಲ್ಲ.

ಬುರ್ಕಿನಾ ಫಾಸೊ ದೇಶದ ಫುಲಾನಿ ಜನರದು ಈ ಕ್ಷೇತ್ರದ ಪ್ರಸಿದ್ಧ ಉದಾಹರಣೆ. ಒಂದೇ ಊರ ಸುತ್ತ, ಒಂದೇ ಸೊಳ್ಳೆಗಳ ನಡುವೆ ಬದುಕುವ ಮೊಸ್ಸಿ ಜನರಿಗಿಂತ ಅವರಲ್ಲಿ ಮಲೇರಿಯಾ ಕಡಿಮೆ, ಪ್ರತಿಕಾಯಗಳು ಹೆಚ್ಚು ಎಂದು 1996ರಲ್ಲಿ ಮೊದಲು ವರದಿಯಾಯಿತು. ಕುಡಗೋಲು ವಂಶವಾಹಿ ಅವರಲ್ಲಿ ಹೆಚ್ಚೇನೂ ಇಲ್ಲ. 2017ರಲ್ಲಿ ಎರಡೂ ಸಮುದಾಯಗಳವರ ಬಿಳಿ ಕಣಗಳನ್ನು ಬೇರ್ಪಡಿಸಿ ನೋಡಿದಾಗ, ಸೋಂಕು ತಗುಲಿದ ಫುಲಾನಿಗಳ ಮಾನೊಸೈಟ್ ಕೋಶಗಳಲ್ಲಿ ವಂಶವಾಹಿಗಳ ಚಟುವಟಿಕೆ ಗಣನೀಯವಾಗಿ ಬದಲಾಗಿತ್ತು. ಮೊಸ್ಸಿಗಳಲ್ಲಿ ಹಾಗೆ ಆಗಿರಲಿಲ್ಲ. ಕರಾವಳಿಯಲ್ಲಿ ಇಂಥ ಹೋಲಿಕೆಗೆ ಬೇಕಾದ ಎಲ್ಲವೂ ಇದೆ: ಒಂದೇ ಬಾವಿಯ ಸುತ್ತಲಿನ ಬೇರೆ ಬೇರೆ ಸಮುದಾಯಗಳು, ಘಟ್ಟದಾಚೆಯಿಂದಲೂ ಹೊರರಾಜ್ಯಗಳಿಂದಲೂ ಬಂದ ಕಾರ್ಮಿಕರು, ಪಕ್ಕದಲ್ಲೇ ಪ್ರಯೋಗಾಲಯ.

ಹುಳುಗಳ ವಿಷಯಕ್ಕೆ ಬಂದರೆ ಚಿತ್ರ ಇನ್ನೂ ವಿಚಿತ್ರ. ಕರಾವಳಿಯ ಮೂರೂ ಜಿಲ್ಲೆಗಳು ಆನೆಕಾಲು ರೋಗದ ನೆಲೆಗಳೆಂದು ಗುರುತಾಗಿದ್ದವು. ಕಾಪುವಿನಂಥ ಕಡಲಂಚಿನ ಊರುಗಳಲ್ಲಿ ನಿಂತ ಕೊಳಕು ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ವುಚೆರೇರಿಯಾ ಬ್ಯಾಂಕ್ರಾಫ್ಟಿ ಹುಳುವಿನ ಮರಿಗಳನ್ನು ಹೊತ್ತು ತರುತ್ತದೆ. ಈ ಮರಿಗಳು ಹಗಲು ಒಳಗಿನ ರಕ್ತನಾಳಗಳಲ್ಲಿ ಅಡಗಿದ್ದು ರಾತ್ರಿ ಹೊರಮೈಯ ರಕ್ತಕ್ಕೆ ಬರುತ್ತವೆ. ಆದ್ದರಿಂದಲೇ ಆರೋಗ್ಯ ಇಲಾಖೆಯವರು ರಾತ್ರಿ ಊಟದ ಹೊತ್ತು ದಾಟಿದ ಮೇಲೆ ಟಾರ್ಚು ಹಿಡಿದು ಮನೆಮನೆ ಹತ್ತಿ, ಮಲಗಿದವರನ್ನು ಎಬ್ಬಿಸಿ ಬೆರಳು ಚುಚ್ಚುತ್ತಿದ್ದದ್ದು. ನಾಯಿ ಬೊಗಳುವುದು, ಮಕ್ಕಳು ಅಳುವುದು, 'ಹಗಲು ಬರಬಾರದಿತ್ತೇ' ಎಂಬ ಗೊಣಗಾಟ ಎಲ್ಲ ಆ ಕೆಲಸದ ಭಾಗವೇ.

ಹಾಗೆ ತೆಗೆದ ರಕ್ತದಲ್ಲಿ ಮರಿಹುಳುಗಳು ತುಂಬಿರುವ ಮನುಷ್ಯ ಬಹಳ ಸಲ ಪೂರ್ತಿ ಆರಾಮವಾಗಿರುತ್ತಾನೆ. ಅವನ ರೋಗನಿರೋಧಕ ಕೋಶಗಳು ಹುಳುವಿನೊಂದಿಗೆ ರಾಜಿ ಮಾಡಿಕೊಂಡಿವೆ. ನಿಯಂತ್ರಕ ಟಿ ಕೋಶಗಳು, ಇಂಟರ್‌ಲ್ಯೂಕಿನ್-10, ಐಜಿಜಿ4 ಪ್ರತಿಕಾಯ ಮೂರೂ ಸೇರಿ ಉರಿಯೂತವನ್ನು ಅದುಮಿಟ್ಟಿರುತ್ತವೆ. ಕಾಲು ಬಾತು ಆನೆಕಾಲಾದವನ ರಕ್ತದಲ್ಲಿ ಹೆಚ್ಚಾಗಿ ಮರಿಹುಳುಗಳೇ ಕಾಣುವುದಿಲ್ಲ. ಅವನ ಕೋಶಗಳು ಹುಳುವನ್ನು ಬಿಡದೆ ಎದುರಿಸಿವೆ, ಆ ಎದುರಾಟದಲ್ಲಿ ದುಗ್ಧನಾಳಗಳು ಹಾಳಾಗಿವೆ. ಮೂರನೆಯವನೊಬ್ಬನಿರುತ್ತಾನೆ. ಕಾಲು ಸರಿಯಿದೆ, ರಕ್ತದಲ್ಲಿ ಹುಳುವಿಲ್ಲ, ಆದರೆ ರಾತ್ರಿಯಿಡೀ ಒಣಕೆಮ್ಮು, ಏದುಸಿರು. ಶ್ವಾಸಕೋಶದಲ್ಲಿ ಮರಿಹುಳುಗಳ ಮೇಲೆ ಇಯೊಸಿನೊಫಿಲ್ ಕೋಶಗಳು ಮುಗಿಬಿದ್ದಿರುತ್ತವೆ, ರಕ್ತದಲ್ಲಿ ಅವುಗಳ ಸಂಖ್ಯೆ ಒಂದು ಮೈಕ್ರೊಲೀಟರ್‌ಗೆ 3,000 ದಾಟಿರುತ್ತದೆ. ಇದಕ್ಕೆ ಉಷ್ಣವಲಯದ ಇಯೊಸಿನೊಫೀಲಿಯಾ ಎಂದು 1943ರಲ್ಲಿ ಹೆಸರಿಟ್ಟವರು ವೈನ್‌ಗಾರ್ಟನ್. ಅದಕ್ಕೂ ಮೊದಲೇ 1940ರಲ್ಲಿ ಮದನಪಲ್ಲಿಯ ಕ್ಷಯರೋಗ ಆಸ್ಪತ್ರೆಯ ಫ್ರಿಮೊಟ್-ಮುಲ್ಲರ್ ಮತ್ತು ಬಾರ್ಟನ್ ಇಂಥ ರೋಗಿಗಳನ್ನು ವರ್ಣಿಸಿದ್ದರು. ಅಸ್ತಮಾ ಎಂದು ವರ್ಷಗಟ್ಟಲೆ ಪಂಪು ಎಳೆದುಕೊಂಡಿದ್ದವರಿಗೆ ಮೂರು ವಾರದ ಡಿಇಸಿ ಎಂಬ ಹುಳುನಾಶಕ ಮಾತ್ರೆಯಿಂದ ಕೆಮ್ಮು ನಿಂತದ್ದುಂಟು. ಒಂದು ಹುಳು, ಮೂರು ಪರಿಣಾಮ.

ಈ ವ್ಯತ್ಯಾಸದ ಮೂಲ ವಂಶವಾಹಿಯಲ್ಲಿದೆಯೇ? 2001ರಲ್ಲಿ ದಕ್ಷಿಣ ಭಾರತದ ಫೈಲೇರಿಯಾ ರೋಗಿಗಳನ್ನು ಅಭ್ಯಸಿಸಿದ ತಂಡವೊಂದು, ಮ್ಯಾಕ್ರೊಫೇಜ್‌ಗಳು ಸ್ರವಿಸುವ ಕೈಟೊಟ್ರಯೊಸಿಡೇಸ್ ಎಂಬ ಕಿಣ್ವದ ವಂಶವಾಹಿಗೂ ಸೋಂಕು ತಗುಲುವ ಸಾಧ್ಯತೆಗೂ ಸಂಬಂಧ ಕಂಡಿತು. ಹುಳುವಿನ ಮರಿಯ ಹೊದಿಕೆಯಲ್ಲಿ ಕೈಟಿನ್ ಇದೆ, ಈ ಕಿಣ್ವ ಅದನ್ನು ಕತ್ತರಿಸುತ್ತದೆ. ವಾದ ಒಪ್ಪುವಂತೆಯೇ ಇತ್ತು. ಆದರೆ ಎರಡೇ ವರ್ಷದಲ್ಲಿ ಬಂದ ಪಪುವಾ ನ್ಯೂಗಿನಿಯ ಅಧ್ಯಯನ ಅದನ್ನು ಅನುಮೋದಿಸಲಿಲ್ಲ. ಘಾನಾದಲ್ಲಿ, ರಕ್ತ ಮತ್ತು ದುಗ್ಧನಾಳಗಳ ಬೆಳವಣಿಗೆಗೆ ಸಂಬಂಧಿಸಿದ ವಿಇಜಿಎಫ್ ವಂಶವಾಹಿಯ ಒಂದು ಬಗೆಗೂ ವೃಷಣದ ಬಾವಿಗೂ ನಂಟು ಕಂಡಿತು. ಈ ಕ್ಷೇತ್ರದ ಒಂದು ದೌರ್ಬಲ್ಯ ಇಲ್ಲಿ ಎದ್ದು ಕಾಣುತ್ತದೆ. ಕೆಲವು ನೂರು ಜನರನ್ನು ಇಟ್ಟುಕೊಂಡು ಊಹಿಸಿದ ಒಂದೊಂದೇ ವಂಶವಾಹಿಯ ಕಥೆಗಳು ಇನ್ನೊಂದು ಊರಿಗೆ ಹೋದಾಗ ನಿಲ್ಲುವುದು ಅಪರೂಪ.

ಒಂದೇ ಮನೆಯಲ್ಲಿ ಹಲವರಿಗೆ ಸೋಂಕು ಕಂಡಾಗ 'ವಂಶದಲ್ಲೇ ಇದೆ' ಎಂದುಬಿಡುವುದೂ ಅಪಾಯ. ದಕ್ಷಿಣ ಪೆಸಿಫಿಕ್‌ನ ಕುಕ್ ದ್ವೀಪಗಳಲ್ಲಿ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನ ಬೇರೊಂದು ಕಾರಣವನ್ನು ತೋರಿಸಿತ್ತು. ಬಸುರಿಯಾಗಿದ್ದಾಗ ತಾಯಿಗೆ ಸೋಂಕಿದ್ದರೆ ಹುಟ್ಟುವ ಮಗುವಿನ ಟಿ ಕೋಶಗಳು ಹುಳುವನ್ನು ಗರ್ಭದಲ್ಲೇ ಪರಿಚಯ ಮಾಡಿಕೊಂಡು, ಬೆಳೆದ ಮೇಲೂ ಅದರ ವಿರುದ್ಧ ಮಂದವಾಗಿಯೇ ವರ್ತಿಸುತ್ತವೆ. ಇದು ತಾಯಿಯಿಂದ ಬಂದದ್ದು ನಿಜ, ವಂಶವಾಹಿಯಿಂದ ಬಂದದ್ದಲ್ಲ. ಹೊರಗಿನಿಂದ ಸೋಂಕಿನ ನೆಲೆಗೆ ಬಂದವರಲ್ಲಿ ಬಾವು, ಜ್ವರ ಬೇಗ ಕಾಣಿಸಿಕೊಳ್ಳುವುದಕ್ಕೂ ಈ ಪರಿಚಯ ಇಲ್ಲದಿರುವುದೇ ಒಂದು ಕಾರಣವಿರಬಹುದು. ಇನ್ನು, ಬಾತ ಕಾಲಿಗೆ ವಂಶವಾಹಿ ಯಾವುದಾದರೂ ಆರೈಕೆ ಒಂದೇ. ಕಾಸರಗೋಡಿನಲ್ಲಿ ಡಾ. ಎಸ್.ಆರ್. ನರಹರಿ ನೇತೃತ್ವದ ಅನ್ವಯಿಕ ಚರ್ಮವಿಜ್ಞಾನ ಸಂಸ್ಥೆ ಆಯುರ್ವೇದ, ಯೋಗ ಮತ್ತು ಆಧುನಿಕ ವೈದ್ಯವನ್ನು ಸೇರಿಸಿ ಕಾಲು ತೊಳೆಯುವ, ನೆನೆಸುವ, ಬಟ್ಟೆ ಸುತ್ತುವ ಕ್ರಮಬದ್ಧ ಚಿಕಿತ್ಸೆಯನ್ನು ರೂಪಿಸಿ ಹೆಸರು ಮಾಡಿದೆ.

ಹೊಟ್ಟೆಹುಳುಗಳ ವಿಷಯದಲ್ಲಿ ವಂಶವಾಹಿಯ ಪಾಲು ಹೆಚ್ಚು ಖಚಿತ. ನೇಪಾಳದ ಜಿರೇಲ್ ಎಂಬ ಸಮುದಾಯದಲ್ಲಿ ದುಂಡುಹುಳುವಿನ ಹೊರೆ ಒಬ್ಬೊಬ್ಬರಲ್ಲಿ ಒಂದೊಂದು ಬಗೆಯಾಗಿರುವುದಕ್ಕೆ ಶೇ. 30ರಿಂದ 50ರಷ್ಟು ಕಾರಣ ವಂಶವಾಹಿ ಎಂದು 1999ರಲ್ಲಿ ಲೆಕ್ಕ ಹಾಕಲಾಯಿತು. ಮುಂದೆ 2002ರಲ್ಲಿ 1 ಮತ್ತು 13ನೇ ವರ್ಣತಂತುಗಳ ಎರಡು ಜಾಗಗಳನ್ನು ಗುರುತಿಸಲಾಯಿತು. ಎರಡನೆಯ ಜಾಗದಲ್ಲಿ ಬಿ ಕೋಶಗಳನ್ನು ಬೆಳೆಸುವ ಪ್ರೋಟೀನಿನ ವಂಶವಾಹಿ ಇದೆ. ಚೀನಾದಲ್ಲಿ, ಅಸ್ತಮಾದೊಂದಿಗೆ ನಂಟಿರುವ ಸ್ಟ್ಯಾಟ್6 ವಂಶವಾಹಿಯ ಬಗೆಯೊಂದು ದುಂಡುಹುಳುಗಳನ್ನು ಕಡಿಮೆ ಇರಿಸುವುದು ಕಂಡುಬಂತು. ಹುಳು ಹೊರಹಾಕಲು ಬೇಕಾದ ಇಂಟರ್‌ಲ್ಯೂಕಿನ್-4, 13, ಐಜಿಇ, ಇಯೊಸಿನೊಫಿಲ್‌ಗಳ ಸೈನ್ಯವೇ ಹುಳುವಿಲ್ಲದಾಗ ದೂಳಿನ ಮೇಲೆ ತಿರುಗಿಬೀಳುತ್ತದೆ ಎಂಬ ವಾದಕ್ಕೆ ಇದು ಬಲ ಕೊಡುತ್ತದೆ. ಕಾರ್ಕಳದ ತೋಟಗಳಲ್ಲಿ ಬರಿಗಾಲಲ್ಲಿ ಓಡಾಡಿದ ತಲೆಮಾರು ಸರಿದು, ಶಾಲೆಗಳಲ್ಲಿ 2015ರಿಂದ ಫೆಬ್ರುವರಿ 10ರಂದು ಆಲ್ಬೆಂಡಜೋಲ್ ಚೀಪುವ ತಲೆಮಾರು ಬಂದಿದೆ. ಹುಳು ಕಡಿಮೆಯಾದಂತೆ ಅಲರ್ಜಿ ಹೆಚ್ಚುತ್ತದೆಯೇ ಎಂಬುದನ್ನು ಇನ್ನೂ ವಾದಿಸುತ್ತಿದ್ದಾರೆ.

ಈ ಉದಾಹರಣೆಗಳಲ್ಲಿ ಹೆಚ್ಚಿನವು ಗ್ಯಾಂಬಿಯಾ, ಕೀನ್ಯಾ, ಘಾನಾ, ನೇಪಾಳದಂಥ ಕಡೆಗಳಿಂದ ಬಂದಿರುವುದನ್ನು ಓದುಗರು ಗಮನಿಸಿರಬಹುದು. ತೀವ್ರ ಮಲೇರಿಯಾದ ವಂಶವಾಹಿಗಳ ಬಗ್ಗೆ 2019ರಲ್ಲಿ ಬಂದ ಅತಿದೊಡ್ಡ ಅಧ್ಯಯನದಲ್ಲಿ 11 ದೇಶಗಳ ಸುಮಾರು 17,000 ಜನರಿದ್ದರು, ಅವುಗಳಲ್ಲಿ ಭಾರತವಿರಲಿಲ್ಲ. ಅದೂ ಇದ್ದದ್ದು ಫಾಲ್ಸಿಪ್ಯಾರಂ ಬಗ್ಗೆ, ಉಡುಪಿಯಲ್ಲಿ ಹೆಚ್ಚಿರುವ ವೈವಾಕ್ಸ್ ಬಗ್ಗೆ ಅಲ್ಲ. ಆಫ್ರಿಕಾದ ಉತ್ತರಗಳನ್ನು ತಂದು ಇಲ್ಲಿಗೆ ಹಚ್ಚಲಾಗದು ಎಂಬುದಕ್ಕೆ ಕರಾವಳಿಯ ಜನರ ವಂಶಚರಿತ್ರೆಯೂ ಕಾರಣ. ಮಂಗಳೂರು ವಿಶ್ವವಿದ್ಯಾಲಯ ಮತ್ತು ಯೆನೆಪೋಯ ವಿಶ್ವವಿದ್ಯಾಲಯದ ಸಂಶೋಧಕರು ಕೊರಗ ಸಮುದಾಯದಲ್ಲಿ ಸುಮಾರು 4,400 ವರ್ಷ ಹಳೆಯ, ಅದುವರೆಗೆ ಗುರುತಿಸದಿದ್ದ ವಂಶಾಂಶವೊಂದನ್ನು ಈಚೆಗೆ ಕಂಡಿದ್ದಾರೆ. ಮದುವೆಯ ಕಟ್ಟುಪಾಡೂ ಬೇರೆ. 1980ರ ದಶಕದಲ್ಲಿ ಕರ್ನಾಟಕದ ನಗರಗಳಲ್ಲಿ ನಡೆದ ಸಮೀಕ್ಷೆಯಲ್ಲಿ ಮೂರರಲ್ಲಿ ಒಂದರಷ್ಟು ಮದುವೆಗಳು ರಕ್ತಸಂಬಂಧದಲ್ಲೇ ಆಗಿದ್ದವು, ಅವುಗಳಲ್ಲಿ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದು ಸಾಮಾನ್ಯ. ಬರಿ ನೋಡುವ ತುಳುವರಲ್ಲಿ ಅದು ನಿಷಿದ್ಧ, ಏಕೆಂದರೆ ಮಾವ ಮತ್ತು ಸೊಸೆಯ ಬರಿ ಒಂದೇ. ಎರಡೂ ಪ್ರತಿ ಸೇರಿದಾಗ ಮಾತ್ರ ಪ್ರಭಾವ ತೋರುವ ಹಿಂಜರಿತ ವಂಶವಾಹಿಗಳು ಜೋಡಿಯಾಗುವ ಸಾಧ್ಯತೆ ಘಟ್ಟದ ಮೇಲೆ ಒಂದು ರೀತಿ, ಕೆಳಗೆ ಇನ್ನೊಂದು ರೀತಿ.

2025ರ ಜನವರಿಯಲ್ಲಿ 'ಜೀನೋಮ್ ಇಂಡಿಯಾ' ಯೋಜನೆ 10,000 ಭಾರತೀಯರ ಜೀನೋಮ್ ದತ್ತಾಂಶವನ್ನು ಸಂಶೋಧಕರಿಗೆ ತೆರೆದಿಟ್ಟಿತು. ಅದನ್ನು ಸಂಯೋಜಿಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ. ಜೀನೋಮ್ ಒಂದೇ ಇದ್ದರೆ ಪ್ರಯೋಜನ ಅರ್ಧ. ಯಾವ ವಂಶವಾಹಿ ಯಾವ ಕೋಶದಲ್ಲಿ, ಸೋಂಕಿನ ಯಾವ ದಿನ ಚುರುಕಾಗುತ್ತದೆ ಎಂಬುದನ್ನು ಒಂದೊಂದೇ ಕೋಶದ ಮಟ್ಟದಲ್ಲಿ ಓದುವ ತಂತ್ರ ಈಗ ಇದೆ. ಅದಕ್ಕೆ ಜ್ವರ ಬಂದ ದಿನವೇ ತೆಗೆದ ರಕ್ತ ಬೇಕು, ಕೆಲವೇ ಗಂಟೆಗಳಲ್ಲಿ ಪ್ರಯೋಗಾಲಯ ಸಿಗಬೇಕು. ಮಲ್ಪೆಯಿಂದ ಮಣಿಪಾಲಕ್ಕೆ ಹತ್ತೇ ಕಿಲೋಮೀಟರ್.

ವಂಶವಾಹಿಯ ಪಾಲು ಒಟ್ಟಾರೆ ಎಷ್ಟು ಎಂಬುದಕ್ಕೆ ಸಿಕ್ಕಿರುವ ಒಳ್ಳೆಯ ಅಂದಾಜು ಕೀನ್ಯಾದ ಕಿಲಿಫಿಯದು. 2005ರ ಆ ಲೆಕ್ಕದಂತೆ, ಮಕ್ಕಳಲ್ಲಿ ಮಲೇರಿಯಾ ಎಷ್ಟು ಸಲ ಬರುತ್ತದೆ ಎಂಬ ವ್ಯತ್ಯಾಸದಲ್ಲಿ ಸುಮಾರು ಕಾಲುಭಾಗ ವಂಶವಾಹಿಗಳದ್ದು. ಅಷ್ಟು ಪ್ರಸಿದ್ಧವಾದ ಕುಡಗೋಲು ವಂಶವಾಹಿಯ ಪಾಲು ಒಟ್ಟು ವ್ಯತ್ಯಾಸದಲ್ಲಿ ಶೇ. 2 ಮಾತ್ರ, ಆ ಕಾಲುಭಾಗದಲ್ಲಿ ಉಳಿದದ್ದು ಇನ್ನೂ ಹೆಸರಿಲ್ಲದ ಅನೇಕ ವಂಶವಾಹಿಗಳಲ್ಲಿ ಹಂಚಿಹೋಗಿದೆ. ಹೆಚ್ಚುಕಡಿಮೆ ಅಷ್ಟೇ ದೊಡ್ಡ ಇನ್ನೊಂದು ಪಾಲು ಮಗು ಬೆಳೆದ ಮನೆಯದ್ದು, ಅಂದರೆ ಸೊಳ್ಳೆ, ನೀರು, ಕಿಟಕಿ, ಮಲಗುವ ಜಾಗ ಇತ್ಯಾದಿ.

ಮಾಪನದ ಒಂದು ಕಷ್ಟ ಇನ್ನೂ ಉಳಿದಿದೆ. ಇಂಡೊನೇಷ್ಯಾದ ಪಪುವಾದಲ್ಲಿ ಅಪಘಾತ ಮೊದಲಾದ ಕಾರಣಗಳಿಂದ ಗುಲ್ಮ ತೆಗೆಸಿಕೊಂಡವರನ್ನು ಅಭ್ಯಸಿಸಿ 2021ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಜ್ವರವಿಲ್ಲದೆ ಓಡಾಡಿಕೊಂಡಿದ್ದವರಲ್ಲೂ ವೈವಾಕ್ಸ್ ಪರಾವಲಂಬಿಗಳ ಬಹುಪಾಲು ಇದ್ದದ್ದು ಗುಲ್ಮದಲ್ಲಿ, ಹರಿಯುವ ರಕ್ತದಲ್ಲಲ್ಲ. ಮ್ಯಾಕ್ರೊಫೇಜ್‌ಗಳೂ ಬಿ ಕೋಶಗಳೂ ಅವನ್ನು ಎದುರುಗೊಳ್ಳುವುದೂ ಅಲ್ಲಿಯೇ. ಮಣಿಪಾಲದಲ್ಲಾಗಲಿ ಮಂಗಳೂರಿನಲ್ಲಾಗಲಿ ಬೆರಳಿನಿಂದಲೋ ತೋಳಿನಿಂದಲೋ ತೆಗೆದ ರಕ್ತದಲ್ಲಿ ಇದುವರೆಗೆ ಎಣಿಸಿರುವುದು ಆ ಹಣಾಹಣಿಯಿಂದ ಹೊರಗೆ ತೇಲಿಬಂದ ಕೋಶಗಳನ್ನಷ್ಟೇ.